ತಜಿನ್ ಬರೆದ ವಾಕ್ಯ

ಡೋ ಖಿನ್ ಲೇಯವರಿಗೆ ಗೈಡ್ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಐರಾವತಿ ನದಿಯ ದಂಡೆಯ ನಮ್ಮ ಓಣಿಯಲ್ಲಿ, ನಾನು ಬಟಾಣಿ ಬೇಯಿಸಿ ಮಾರುವ ಒಲೆಯ ಪಕ್ಕದ ಜಗುಲಿಯಲ್ಲೇ ಅವರ ಇಂಗ್ಲಿಷ್ ಪಾಠ. ಹನ್ನೆರಡು ಮಕ್ಕಳು, ದಿನಕ್ಕೊಂದು ಗುಣವಾಚಕ, ದಿನವೂ ಒಂದೇ ಬೈಗುಳ.

“ಮತ್ತೆ ಗೈಡ್ ನೋಡಿ ಗೀಚಿದ್ದೀರಾ? ನಿಮ್ಮ ಮನೇಲಿ ಏನೂ ನಡೆಯೋದೇ ಇಲ್ವಾ? ನಿಜ ಬರೀರಿ, ಇಂಗ್ಲಿಷ್ ತಾನಾಗೇ ಬರುತ್ತೆ.”

ಎಲ್ಲಕ್ಕಿಂತ ಒಳ್ಳೆಯ ವಾಕ್ಯ ಬೋರ್ಡಿಗೆ ಏರುತ್ತಿತ್ತು, ಕೆಳಗೆ ಬರೆದವರ ಹೆಸರು. ಉಳಿದವರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮನೆಯಲ್ಲಿ ಓದಿ ತೋರಿಸಬೇಕು. ಆ ಹೆಸರಿಗಾಗಿ ಮಕ್ಕಳು ಜೀವ ಬಿಡುತ್ತಿದ್ದವು.

ಅವತ್ತಿನ ಪದ ‘ಹ್ಯಾಪಿ’. ಹನ್ನೊಂದು ಮಕ್ಕಳು ಗೈಡಿನದೇ ಬರೆದಿದ್ದರು. ಹತ್ತು ವರ್ಷದ ತಜಿನ್ ಮಾತ್ರ ತನ್ನದೇ ಬರೆದಿದ್ದಳು. ಪಾಠ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಬಟಾಣಿ ಕೊಡಲು ಹೋದ ನಾನು ಬೋರ್ಡ್ ನೋಡಿ ಕೇಳಿದೆ.

“ಏನಕ್ಕಾ ಅದು? ನನ್ನಂಥ ಹೆಬ್ಬೆಟ್ಟಿಗೂ ಸ್ವಲ್ಪ ಹೇಳಿ.”

ಅವರು ಹೆಮ್ಮೆಯಿಂದ ನಮ್ಮ ಮಾತಿನಲ್ಲಿ ಹೇಳಿದರು. “‘ಅಣ್ಣ ಮನೆಗೆ ಬಂದಿದ್ದಾನೆ, ಅದಕ್ಕೆ ಅಮ್ಮನಿಗೆ ಖುಷಿ.’ ಕ್ರಿಯಾಪದ ತಪ್ಪು ಬರೆದಿದ್ಲು, ನಾನೇ ತಿದ್ದಿ...”

ಮಾತು ಅರ್ಧಕ್ಕೇ ಬಿಟ್ಟು ಬೋರ್ಡಿನತ್ತ ತಿರುಗಿದರು. ಇಂಗ್ಲಿಷಿನಲ್ಲಿ ಅವರಿಗೆ ಬರೀ ವ್ಯಾಕರಣ ಕೇಳಿಸಿತ್ತು. ನಮ್ಮ ಮಾತಿಗೆ ಬಂದಾಗ ಅಣ್ಣ ಕೇಳಿಸಿದ.

ತಜಿನ್‌ಳ ಅಣ್ಣನ ಹೆಸರು ಸೈನ್ಯಕ್ಕೆ ಎಳೆದೊಯ್ಯಬೇಕಾದ ಹುಡುಗರ ಪಟ್ಟಿಯಲ್ಲಿತ್ತು. ಎಂಟು ತಿಂಗಳ ಹಿಂದೆ ಓಡಿಹೋದವನು. ಮನೆಯಲ್ಲಿ ಯಾರು ತಂಗಿದರೂ ಓಣಿಯ ಮುಖ್ಯಸ್ಥ ಊ ಸೋ ಟಿಂಟ್‌ನ ಬಳಿ ಬರೆಸಬೇಕು. ಓಡಿಬಂದ ಮಗನ ಹೆಸರನ್ನು ಯಾವ ತಾಯಿ ಬರೆಸುತ್ತಾಳೆ?

ಡೋ ಖಿನ್ ಲೇ ಅಂಗೈಯಲ್ಲೇ ಬೋರ್ಡ್ ಒರೆಸಿದರು. “ನೀನು ತಜಿನ್ ಮನೆಗೆ ಓಡು, ಅವನನ್ನ ಈಗಲೇ ಹೊರಡಿಸು” ಎಂದು ನನ್ನನ್ನು ದಬ್ಬಿ, ತಾವು ಬರಿಗಾಲಲ್ಲೇ ಮನೆಮನೆಗೆ ಹೋಗಿ, ತಿದ್ದುವ ನೆಪ ಹೇಳಿ ನೋಟ್‌ಬುಕ್ ಕಸಿದುಕೊಂಡರು. ಹತ್ತು ಸಿಕ್ಕವು. ಹನ್ನೊಂದನೆಯದು ಊ ಸೋ ಟಿಂಟ್‌ನ ಮೊಮ್ಮಗಳು ಯೂನ್‌ಳದು.

ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಮಗು ತಾತನ ತೊಡೆಯ ಮೇಲೆ ಕೂತು ಓದಿ ಮುಗಿಸಿತ್ತು.

“ಬನ್ನಿ ಸಯಾಮಾ,” ಎಂದನಂತೆ ತಾತ, ಮೇಡಂ ಎಂದು ಕರೆಯುವ ಎಂದಿನ ಮರ್ಯಾದೆಯಲ್ಲಿ. “ನಮ್ಮ ಪುಟ್ಟಿ ಅರ್ಥ ಸಮೇತ ಹೇಳ್ತಾಳೆ! ಆ ತಜಿನ್ ಅಣ್ಣ ಯಾವಾಗ ಬಂದ?”

“ಅಯ್ಯೋ, ಅದು ಗೈಡ್‌ನಲ್ಲಿರೋ ವಾಕ್ಯ ಕಣ್ರೀ. ಸುಮ್ನೆ ಬರೆಸಿದೆ.”

ಅವನು ನಕ್ಕ. “ನೀವಾ? ಗೈಡ್‌ನಿಂದ ಬರೆಸ್ತೀರಾ? ಇಡೀ ಓಣಿಗೆ ಕೇಳೋ ಹಾಗೆ ಬೈತೀರಲ್ಲ ಸಯಾಮಾ, ನಿಜ ಬರೀರಿ ಅಂತ.”

ಮಂಡಿ ನೋವಿನ ಕಾಲೆಳೆದುಕೊಂಡು ನಾನು ಓಣಿಯ ಆ ತುದಿಯ ತಜಿನ್ ಮನೆ ಮುಟ್ಟಿದಾಗ ಹುಡುಗ ತಟ್ಟೆಯ ಮುಂದೆ ಕೂತಿದ್ದ. ತಾಯಿ ಮೀನಿನ ಸಾರು ಬಡಿಸುತ್ತಿದ್ದಳು. ಅವನು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಊ ಸೋ ಟಿಂಟ್ ಕರೆಸಿದ ಸೈನ್ಯದ ಲಾರಿ ಓಣಿಯ ಬಾಯಿಗೆ ಬಂದಿತ್ತು. ನನ್ನ ಕಾಲು ಇನ್ನಷ್ಟು ಚುರುಕಾಗಿರಬಾರದಿತ್ತೇ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಅವನನ್ನು ಅದೇ ಲಾರಿಯಲ್ಲಿ ಹಾಕಿಕೊಂಡು ಹೋದರು, ಸುದ್ದಿ ಮತ್ತೆ ಬರಲೇ ಇಲ್ಲ.

ತಿಂಗಳ ಮೇಲೆ ತಜಿನ್ ಪಾಠಕ್ಕೆ ಬಂದಳು. ತಾಯಿಯೇ ಕಳಿಸಿದ್ದಳು, ಬರದಿದ್ದರೆ ಊ ಸೋ ಟಿಂಟ್ ಕಾರಣ ಕೇಳುತ್ತಾನೆ. ಡೋ ಖಿನ್ ಲೇ ಕೈಯಲ್ಲಿ ಹೊಸ ಗೈಡ್ ಹಿಡಿದಿದ್ದರು. ಬೈಗುಳವಿಲ್ಲ. ಮೊದಲು ಓದಿದ್ದು ಯೂನ್, ಗೈಡಿನ ಸಾಲು. ಆಮೇಲೆ ತಜಿನ್ ಎದ್ದಳು. ಆಕಾಶ ನೀಲಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಓದಿದಳು.

ಡೋ ಖಿನ್ ಲೇ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿಗೆ ಬರೆದರು. ಕೆಳಗೆ ಹೆಸರು ಬರೆಯಲು ಕೈ ಎತ್ತಿದಾಗ ಹುಡುಗಿ ಚೀರಿದಳು.

“ಬೇಡ ಸಯಾಮಾ! ಗೈಡ್‌ದೇ ಅದು, ಗೈಡ್‌ದೇ. ನಾನೇನೂ ಬರ್ದಿಲ್ಲ.”