ಅಕ್ಕಾತಾಯಿ ಕಾಕು ಮತ್ತು ಅಡ್ಡ ಬಾಟಲಿ

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಅಕ್ಕಾತಾಯಿ ಕಾಕು ಒಂದು ಬಿದಿರಿನ ಬುಟ್ಟಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಬುಟ್ಟಿಯಲ್ಲಿ ಅವರ ಮನೆಯ ಲಟ್ಟಣಿಗೆ, ಈಳಿಗೆ, ಕಬ್ಬಿಣದ ಊದುಗೊಳವೆ, ಮಸಾಲೆ ಕುಟ್ಟುವ ಹಿತ್ತಾಳೆಯ ಖಲಬತ್ತ ಇರುತ್ತಿದ್ದವು. ಅದನ್ನು ನಮ್ಮ ಅಡುಗೆಮನೆಯ ಮೂಲೆಯಲ್ಲಿಟ್ಟು, ಮೇಲೊಂದು ಹಳೆಯ ಟವೆಲ್ ಹೊದಿಸಿ, ಬಂದ ಹಾಗೆಯೇ ಸದ್ದಿಲ್ಲದೆ ಹೋಗುತ್ತಿದ್ದರು. ಬೆಳಗ್ಗೆ ಬಂದು ಒಯ್ಯುತ್ತಿದ್ದರು. ನಾನಾಗ ಆ ಮನೆಗೆ ಹೊಸ ಸೊಸೆ. ನೆರೆಯವರು ಸಾಮಾನು ಕೇಳಿ ಒಯ್ಯುವುದನ್ನು ಕಂಡಿದ್ದೆ, ತಂದಿಟ್ಟು ಹೋಗುವುದನ್ನು ಕಂಡಿರಲಿಲ್ಲ. ಅತ್ತೆಯನ್ನು ಕೇಳಿದೆ. "ಸಂಜಿ ಆತಂದ್ರ ಅವರ ಮನ್ಯಾಗ ಕೈಗೆ ಸಿಗೂವಂಥಾ ಸಾಮಾನ ಇರಬಾರದವಾ," ಎಂದಷ್ಟೇ ಹೇಳಿ ಅವರು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಕಾಕುವಿನ ಗಂಡ ರಾವಸಾಬ ಕಾಕಾ ಹಗಲೆಲ್ಲ ಊರಿಗೆ ಬೇಕಾದ ಮನುಷ್ಯ. ನೀರಿನ ಮೋಟರು ಸುಟ್ಟರೆ ಸುತ್ತಲ ಊರಿನವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೆಂಗಸರ ಎದುರು ತಲೆ ಎತ್ತಿ ಮಾತಾಡುತ್ತಿರಲಿಲ್ಲ. ನನ್ನನ್ನು ಮಗುವನ್ನು ಕರೆಯುವ ಹಾಗೆ "ಬಾಳಾ" ಎಂದು ಕರೆಯುತ್ತಿದ್ದರು. ಸಂಜೆಯಾದರೆ ಮಾತ್ರ ಬಸ್ ಸ್ಟ್ಯಾಂಡಿನ ಹತ್ತಿರದ ದೇಶೀ ದಾರೂ ದುಕಾನಿಗೆ, ಅಂದರೆ ಸಾರಾಯಿ ಅಂಗಡಿಗೆ, ಹೋಗುವರು. ಅಲ್ಲಿಂದ ತಿರುಗಿ ಬರುತ್ತಿದ್ದವರು ಬೇರೆ ಯಾರೋ. ಗೋಡೆಯ ಆಚೆ ಪಾತ್ರೆ ಬಿದ್ದ ಸದ್ದು ಕೇಳುತ್ತಿತ್ತು, ಕಾಕಾನ ಕೂಗು ಕೇಳುತ್ತಿತ್ತು. ಕಾಕುವಿನ ದನಿ ಮಾತ್ರ ಒಂದು ದಿನವೂ ಕೇಳಲಿಲ್ಲ. ನನಗೆ ಎಲ್ಲಕ್ಕಿಂತ ಹೆದರಿಕೆಯಾಗುತ್ತಿದ್ದುದು ಅದಕ್ಕೇ.

ನಾನು ಇಚಲಕರಂಜಿಯ ಹುಡುಗಿ. ಪವರ್‌ಲೂಮುಗಳ ಖಟಖಟದ ನಡುವೆ ಬೆಳೆದವಳು, ಕೂಗಿ ಮಾತಾಡದಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಕರ್ನಾಟಕದ ಗಡಿಗೆ ಹತ್ತಿದ ಗಡಹಿಂಗ್ಲಜ ತಾಲೂಕಿನ ಈ ಹಳ್ಳಿಗೆ ಬಂದ ಮೇಲೂ ನನ್ನ ದನಿ ಇಳಿಯಲಿಲ್ಲ. ಕಾಕು ಅದಕ್ಕೆ ತದ್ವಿರುದ್ಧ. ಬೇಳೆ ಬೇಯಲಿಲ್ಲ ಎಂಬ ಮಾತನ್ನೂ ಗುಟ್ಟಿನ ಹಾಗೆ ಹೇಳುವರು. ನಾನು ಜೋರು ಮಾಡಿದರೆ ಓಡಿ ಬಂದು ನನ್ನ ಬಾಯಿಯ ಮೇಲೆ ಕೈ ಇಡುವರು. ಆ ಕೈ ಕಾಜು ಕಾರ್ಖಾನೆಯ ಕೈ. ದಿನವಿಡೀ ಗೋಡಂಬಿ ಒಡೆದು ಒಡೆದು, ಸಿಪ್ಪೆಯ ಎಣ್ಣೆ ಹತ್ತಿ, ಬೆರಳುಗಳೆಲ್ಲ ಕಪ್ಪಾಗಿದ್ದವು. ಹರಳೆಣ್ಣೆ, ಬೂದಿ ಏನು ತಿಕ್ಕಿದರೂ ಹೋಗದ ಕಪ್ಪು. "ಗ್ವಾಡಿಗೂ ಕಿವಿ ಇರ್ತಾವ ಸುಜಾತಾ. ನೀ ಮೆಲ್ಲಕ ಮಾತಾಡು ನಮ್ಮವ್ವಾ," ಎನ್ನುವರು.

ನನಗೆ ಮಗಳು ಹುಟ್ಟಿದ ಮೇಲೆ, ದುಕಾನು ಮುಚ್ಚಿಸಬೇಕು ಎಂಬ ಮಾತು ನಮ್ಮ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯದ ಗುಂಪಿನ, ಸಭೆಯಲ್ಲಿ ಎದ್ದಿತು. ಎಬ್ಬಿಸಿದವಳು ನಾನೇ. ಊರು ನಕ್ಕಿತು. ದುಡಿಯುವ ಗಂಡಸು ಒಂದಿಷ್ಟು ತೆಗೆದುಕೊಂಡರೆ ಏನು ಮಹಾ ಎಂದು ನನ್ನ ಅತ್ತೆಯೇ ಅಂದರು. ಕುಡಿಯುವ ಗಂಡಸಿನ ತಪ್ಪಿಗಿಂತ ಅದನ್ನು ಬಾಯಿ ಬಿಟ್ಟು ಹೇಳುವ ಹೆಂಗಸಿನ ತಪ್ಪೇ ದೊಡ್ಡದು ಎಂಬುದು ನಮ್ಮೂರಿನ ನ್ಯಾಯ. ಆದರೂ ಅರ್ಜಿ ಹೋಯಿತು, ಮತದಾನ ಎಂದಾಯಿತು. ತಿಳಿಸಿ ಹೇಳಲು ಕೊಲ್ಹಾಪುರದಿಂದ ಒಬ್ಬ ಹೆಣ್ಣುಮಗಳು ಬಂದರು. ಹೆಂಗಸರಿಗಷ್ಟೇ ಮತ. ಚೀಟಿಯಲ್ಲಿ ಎರಡು ಚಿತ್ರ. ನಿಂತ ಬಾಟಲಿಗೆ ಮೊಹರು ಹೊಡೆದರೆ ದುಕಾನು ಇರುತ್ತದೆ, ಮಲಗಿದ ಬಾಟಲಿಗೆ ಹೊಡೆದರೆ ಮುಚ್ಚುತ್ತದೆ. ಮತದಾರರ ಯಾದಿಯಲ್ಲಿರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ್ದಕ್ಕೇ ಹೊಡೆಯಬೇಕು. ಮನೆಯಲ್ಲಿ ಕೂತವಳ ಮತ ತಾನಾಗಿಯೇ ದುಕಾನಿನ ಕಡೆ ಬಿದ್ದಂತೆ. ಇಷ್ಟನ್ನೂ ಅವರು ಮರಾಠಿಯಲ್ಲಿ ಹೇಳಿದರು.

ಮರಾಠಿಯಲ್ಲಿ ಮಲಗಿದ ಬಾಟಲಿ ಎಂದರೆ "ಆಡವೀ ಬಾಟಲೀ". ಕಾಕು ಹುಕ್ಕೇರಿ ಕಡೆಯ ಮಗಳು, ಮರಾಠಿ ಅವರಿಗೆ ಸಂತೆಗೆ ಸಾಕಾಗುವಷ್ಟು. ಬಾಗಿಲ ಹತ್ತಿರ ಕೂತಿದ್ದವರು ನನ್ನ ಕಿವಿಗೆ ಬಗ್ಗಿದರು. "ಅಡವಿ ಬಾಟಲಿ ಅಂದ್ರೇನವಾ? ದುಕಾನ ಅಡವಿಗೆ ಒಯ್ತಾರಂತೇನ? ಒಯ್ದ್ರ ಗಂಡಸರು ಅಡವಿಗೂ ಹೋಗ್ತಾರ ತಂಗಿ."

ನಾನು ತಡೆಯಲಾಗದೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. "ಅಡವಿ ಅಲ್ರೀ ಕಾಕು, ಅಡ್ಡ. ಅಡ್ಡ ಬಿದ್ದ ಬಾಟಲಿ," ಎಂದೆ. ಅಲ್ಲೇ ಒಂದು ಘೋಷಣೆಯನ್ನೂ ಕಟ್ಟಿದೆ: "ಗಂಡ ಅಡ್ಡ ಬೀಳೂಕಿಂತ ಬಾಟಲಿ ಅಡ್ಡ ಬೀಳಲಿ." ಎಲ್ಲರೂ ಕೂಗಿದರು. ಕಾಕು ಮಾತ್ರ ನಗಲಿಲ್ಲ, ಕೂಗಲಿಲ್ಲ. ಮನೆಗೆ ಹೋಗುವಾಗ ಅಂದರು, "ಇಲ್ಲಿ ಮುಚ್ಚಿದ್ರ ಇವರು ಗಡಿ ದಾಟಿ ಸಂಕೇಶ್ವರಕ್ಕ ಹೋಗ್ತಾರ. ಗಾಡಿ ಮ್ಯಾಲ. ಇಲ್ಲಿ ಕುಡದ್ರ ನನ್ನ ಹೊಡೀತಾರ, ಅಷ್ಟ. ಅಲ್ಲಿ ಕುಡದ್ರ ದಾರಿ ಇವರನ್ನ ಹೊಡೀತೈತಿ. ನಾ ಯಾವುದಕ್ಕ ಅಂಜಲಿ, ನೀನ ಹೇಳು." ನಾನು ನಾಲ್ಕು ಧೈರ್ಯದ ಮಾತು ಹೇಳಿ ಕಳಿಸಿದೆ.

ಧೈರ್ಯ ನನಗೂ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಗ್ಗೆ ಕಸ ಹೊಡೆಯಲು ಬಾಗಿಲು ತೆಗೆದರೆ ಹೊಸ್ತಿಲ ಆಚೆ ಕಾಕು ಕುಕ್ಕರಗಾಲಿನಲ್ಲಿ ಕೂತಿದ್ದರು. ಸೆರಗಿನಲ್ಲಿ ಏನೋ ಸುತ್ತಿ ಹಿಡಿದಿದ್ದರು. ಬಿಚ್ಚಿ ತೋರಿಸಿದರು: ಒಂದು ದಾರೂ ಬಾಟಲಿ, ಅದರ ತುಂಬ ಸೀಮೆಎಣ್ಣೆ, ಜೊತೆಗೊಂದು ಕಡ್ಡಿಪೆಟ್ಟಿಗೆ. "ದುಕಾನದಾವರು ನಿನ್ನ ಹೊಸ್ತಿಲದ ಮ್ಯಾಲ ನಿಲ್ಲಿಸಿದ್ರು. ನಿನ್ನ ಮಗಳು ಏಳೂದ್ರಾಗ ನಾ ತಗದೇನಿ," ಎಂದರು. ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಆಗ ನನ್ನ ಮಗಳಿಗೆ ಇನ್ನೂ ಕಂಡದ್ದನ್ನೆಲ್ಲ ಬಾಯಿಗೆ ಇಟ್ಟುಕೊಳ್ಳುವ ವಯಸ್ಸು. ಮನೆಯವರಿಗೆ ಹೇಳಿದರೆ ಹೊಲಿಗೆ ಮಶಿನ್ ಸಹಿತ ನನ್ನನ್ನು ತವರಿಗೆ ಕಳಿಸುತ್ತಾರೆ ಎಂದು ಗೊತ್ತಿತ್ತು. ಹೇಳಲಿಲ್ಲ. ಅಂದಿನಿಂದ ನಾನು ಹೊಲಿಗೆಗೆ ಕೂತಾಗಲೂ ಬಾಗಿಲಿಗೆ ಬೆನ್ನು ಮಾಡುತ್ತಿರಲಿಲ್ಲ.

ಮತದಾನ ಹತ್ತಿರ ಬಂದಾಗ ದುಕಾನಿನವರು ಇನ್ನೊಂದು ಉಪಾಯ ಮಾಡಿದರು. ಮತ ಹಾಕಿದವರ ಬೆರಳಿಗೆ ಶಾಯಿ ಹಚ್ಚುತ್ತಾರಷ್ಟೆ. ಸಂಜೆ ಮನೆಗೆ ಹೋಗಿ ನಿಮ್ಮ ನಿಮ್ಮ ಹೆಂಡಿರ ಬೆರಳು ನೋಡಿರಿ ಎಂದು ಗಂಡಸರಿಗೆ ಕಲಿಸಿದರು. ದುಕಾನು ಇರಲಿ ಎನ್ನುವವಳು ಮನೆ ಬಿಟ್ಟು ಬರಬೇಕಾಗಿಯೇ ಇಲ್ಲ, ಹಾಗಾಗಿ ಶಾಯಿ ಇದ್ದವಳು ಅಡ್ಡ ಬಾಟಲಿಯವಳೇ ಎಂಬುದು ಲೆಕ್ಕ. ಗುಪ್ತ ಮತದಾನ ಎಂದು ಸರಕಾರ ಹೇಳಿದ್ದೆಲ್ಲ ಒಂದು ಬೆರಳಿನಲ್ಲಿ ಬಯಲಾಗುತ್ತಿತ್ತು. ಒಬ್ಬೊಬ್ಬರಾಗಿ ಹೆಂಗಸರು ನನ್ನ ಮನೆಗೆ ಬಂದು, ನಮ್ಮಿಂದ ಆಗುವುದಿಲ್ಲ ಎಂದು ಹೇಳಿ ಹೋದರು.

ಆಗ ಕಾಕು ಕಾರ್ಖಾನೆಯಿಂದ ಒಂದು ಡಬ್ಬಿಯಲ್ಲಿ ಕಾಜಿನ ಸಿಪ್ಪೆಯ ಎಣ್ಣೆ ತಂದರು. ಹಿತ್ತಲಲ್ಲಿ ಹೆಂಗಸರನ್ನು ಕೂಡಿಸಿಕೊಂಡು ತಮ್ಮ ಕಪ್ಪು ಬೆರಳನ್ನು ಎತ್ತಿ ತೋರಿಸಿದರು. "ಇದರ ಮ್ಯಾಲ ಶಾಯಿ ಹಚ್ಚಿದ್ರ ಯಾವ ಗಂಡಗ ಕಾಣತೈತಿ ಹೇಳ್ರಿ. ನೀವೂ ಹಚಗೋರಿ. ಕಾಜಿನ ಹಂಗಾಮ ಐತಿ, ಕೂಲಿಗೆ ಹೋಗಿದ್ನಿ ಅನ್ರಿ. ಉರೀತೈತಿ, ಗುಳ್ಳಿನೂ ಏಳ್ತಾವ. ತಾಳಕೋಬೇಕು."

ಅಂಜುಬುರುಕಿ ಎಂದು ನಾನು ಲೇವಡಿ ಮಾಡುತ್ತಿದ್ದ ಹೆಂಗಸು ಅವರು. ಹೆದರಿ ಹೆದರಿ ಬದುಕಿದವರಿಗಷ್ಟೇ ಹೊಳೆಯುವ ಉಪಾಯ ಅದು, ನನ್ನಂಥ ಕೂಗುಮಾರಿಗೆ ಎಲ್ಲಿಂದ ಹೊಳೆಯಬೇಕು. ಒಬ್ಬೊಬ್ಬರೂ ಕೈ ಚಾಚಿದರು. ಕಾಕು ಕಡ್ಡಿಯಿಂದ ಬೆರಳಿಗೂ ಉಗುರಿಗೂ ಎಣ್ಣೆ ಸವರುತ್ತ ಹೋದರು. ಉರಿಗೆ ಹೆಂಗಸರು ಸೆರಗು ಕಚ್ಚಿಕೊಂಡು ಕೂತರು. ನನ್ನ ಬೆರಳಿನ ತುದಿಯಲ್ಲಿ ಆ ಗುಳ್ಳೆಯ ಕಲೆ ಇನ್ನೂ ಇದೆ.

ಮತದಾನದ ದಿನ ಪೊಲೀಸರು ಗಂಡಸರನ್ನು ಶಾಲೆಯ ಹತ್ತಿರ ನಿಲ್ಲಗೊಡಲಿಲ್ಲ. ಶಾಲೆಯ ಹಿಂದಿನ ಕಬ್ಬಿನ ನಡುವಿನ ದಾರಿಯಿಂದ, ತಲೆ ತುಂಬ ಸೆರಗು ಹೊದ್ದು, ಹೆಂಗಸರು ಬಂದೇ ಬಂದರು. ಕಾಕುವೂ ಬಂದರು. ಆ ಸಂಜೆ ಊರಿನ ಮನೆಮನೆಯಲ್ಲಿ ಬೆರಳಿನ ತಪಾಸಣೆ ನಡೆಯಿತು. ರಾವಸಾಬ ಕಾಕಾನೂ ಹೆಂಡತಿಯ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದರಂತೆ. ಎಲ್ಲ ಕಪ್ಪು. ನೋಡಿ ನೋಡಿ ಬಿಟ್ಟುಬಿಟ್ಟರಂತೆ.

ಅಡ್ಡ ಬಾಟಲಿ ಗೆದ್ದಿತು, ದುಕಾನಿಗೆ ಬೀಗ ಬಿತ್ತು. ಸುಳ್ಳೇಕೆ ಹೇಳಲಿ, ಕೆಲವು ಮನೆಗಳಲ್ಲಿ ನಿಜವಾಗಿಯೂ ನೆಮ್ಮದಿ ಬಂತು. ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹುಡುಗಿಯರು ಇಳಿದು ನಡೆದು ಬರುವಂತಾಯಿತು. ಆದರೆ ರಾವಸಾಬ ಕಾಕಾ ಮೋಟರ್ ಸೈಕಲ್ ಹತ್ತಿ ಗಡಿಯಾಚೆ ಹೋಗತೊಡಗಿದರು. ಹಿಂದೆ ಬಾಗಿಲೊಳಗೆ ಕೂತು ನಡುಗುತ್ತಿದ್ದ ಕಾಕು ಈಗ ರಸ್ತೆಯ ಬದಿಗೆ ಬಂದು ನಿಂತು ನಡುಗುತ್ತಿದ್ದರು. ಕೆಲವು ವಾರ ಹೀಗೆ ಕಾದರು. ಆಮೇಲೆ ಒಂದು ಸಂಜೆ ಗಂಡನ ಹಿಂದೆ ತಾವೂ ಗಾಡಿ ಹತ್ತಿ ಕೂತರು. ಸೂರ್ಯ ಮುಳುಗಿದ ಮೇಲೆ ಊರು ದಾಟಿ ಗೊತ್ತಿಲ್ಲದ ಹೆಂಗಸು. ಊರು ಇದಕ್ಕೂ ನಕ್ಕಿತು, ಅಕ್ಕಾತಾಯಿಯೂ ಕುಡಿಯಲು ಕಲಿತಳು ಎಂದಿತು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಸಂಕೇಶ್ವರದಲ್ಲಿ. ಹೊಲಿಗೆಯ ದಾರ, ಗುಂಡಿ ತರಲು ಹೋದವಳು ಸಂಜೆಯ ಎಸ್ಟಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ ಸ್ಟಾಪಿನ ಕಟ್ಟೆಯ ತುದಿಯಲ್ಲಿ, ಎದುರಿನ ಬಾರಿನ ಬಾಗಿಲನ್ನೇ ನೋಡುತ್ತ ಕಾಕು ಕೂತಿದ್ದರು. ಹತ್ತಿರ ಹೋಗಿ ಕೂತೆ.

"ಇದೇನ ಹಚ್ಚೀರಿ ಕಾಕು ದಿನಾ," ಎಂದೆ.

"ಮೊದಲ ಇವರು ಬರ್ತಾರಂತ ಅಂಜತಿದ್ನಿ. ಈಗ ಬರಾಂಗಿಲ್ಲೇನೋ ಅಂತ ಅಂಜತೀನಿ. ಹಿಂದ ಕುಂತ್ರ ಆ ಅಂಜಿಕಿ ಇಲ್ಲ ನೋಡು. ದಾರಿ ತುಂಬ ಜೋರಾಗಿ ಮಾತಾಡ್ತೀನಿ, ನಿದ್ದಿ ಬರಬಾರದಂತ."

ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಬಿಟ್ಟೆ. "ಒಂದ ಮಾತ ಕೇಳಲ್ಯಾ ಕಾಕು? ಅವತ್ತ ನೀವು ಯಾವುದಕ್ಕ ಶಿಕ್ಕಾ ಹೊಡದ್ರಿ?"

ಕಾಕು ತಮ್ಮ ಕೈಗಳನ್ನು ನೋಡಿಕೊಂಡರು. "ನಿಂತದ್ದಕ್ಕ ಹೊಡೀಬೇಕಂತನ ಹೋಗಿದ್ನವಾ. ದುಕಾನ ಇಲ್ಲೇ ಇರಲಿ, ಹೊಡದ್ರ ಹೊಡೀಲಿ, ಜೀವದಿಂದಾರ ಇರ್ತಾರ ಅಂತ. ಆದ್ರ ಆ ಪಡದಾದ ಹಿಂದ ಹೋಗಿ ನಿಂತ್ನಿ, ಅಲ್ಲಿ ಯಾರೂ ಇರಲಿಲ್ಲ. ನೋಡಾವರಿಲ್ಲ, ಕೇಳಾವರಿಲ್ಲ. ಹುಟ್ಟಿದಾಗಿಂದ ಅಂಥಾ ಜಾಗಾನ ಕಂಡಿರಲಿಲ್ಲ ನಾ. ಒಂದ್ ಘಳಿಗಿ ಅಂಜಿಕಿ ಮರತ ಹೋತು. ಕೈ ಅಡ್ಡದ ಮ್ಯಾಲ ಹೋತು."

ಅಷ್ಟರಲ್ಲಿ ಕಾಕಾ ಬಾರಿನಿಂದ ಹೊರಬಂದು ಗಾಡಿಯ ಕೀಲಿ ಹುಡುಕತೊಡಗಿದರು. ಎಸ್ಟಿಯೂ ಬಂತು. "ನನ್ನ ಕೂಡ ಬಸ್ಸಿಗೆ ಬರ್ರಿ ಕಾಕು," ಎಂದು ಅವರ ಕೈ ಹಿಡಿದೆ. "ಅವರನ್ನ ಒಬ್ಬರನ್ನ ಬಿಟ್ಟ?" ಎಂದು ಕೈ ಬಿಡಿಸಿಕೊಂಡರು.

ಗಡಿ ದಾಟಿದ ಮೇಲೆ ನಮ್ಮ ಬಸ್ಸು ಅವರ ಗಾಡಿಯನ್ನು ಹಿಂದೆ ಹಾಕಿತು. ಕಾಕು ಎರಡೂ ಕೈಯಿಂದ ಗಂಡನ ನಡು ಬಿಗಿದು ಹಿಡಿದಿದ್ದರು, ಏನೋ ಮಾತಾಡುತ್ತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಡ್ರೈವರ್ ಬಯ್ಯುತ್ತ ಬಸ್ಸನ್ನು ಒಮ್ಮೆಲೆ ಬದಿಗೆ ಎಳೆದ. ಕಬ್ಬಿನ ಟ್ರಾಲಿಯೊಂದು ಗಾಲಿ ಕಳಚಿ, ದೀಪವಿಲ್ಲದೆ, ಅರ್ಧ ರಸ್ತೆಯ ಮೇಲೆ ನಿಂತಿತ್ತು. ಅದನ್ನು ದಾಟಿ ಬಂದ ಮೇಲೆ, ಹಿಂದೆ ಯಾರು ಬರುತ್ತಿದ್ದಾರೆ ಎಂಬುದು ನನಗೆ ಹೊಳೆಯಿತು. ಎದ್ದು ನಿಂತು ಗಾಡಿ ನಿಲ್ಲಸ್ರಿ ಎಂದು ಕೂಗಿದೆ. ಕಂಡಕ್ಟರ್ ಮರಾಠಿಯಲ್ಲಿ, ಇಲ್ಲಿ ಸ್ಟಾಪ್ ಇಲ್ಲ ತಾಯಿ, ಮುಂದೆ ಇಳಿಯಿರಿ ಎಂದ. ಮುಂದಿನ ಊರಿನಲ್ಲಿ ಇಳಿದು ರಸ್ತೆಯ ಬದಿಗೆ ನಿಂತೆ. ಬಂದ ಪ್ರತಿಯೊಂದು ದೀಪವನ್ನೂ ಅವರದೇ ಎಂದುಕೊಂಡೆ. ಅವರು ಬರಲಿಲ್ಲ.

ಗಾಡಿ ಆ ಟ್ರಾಲಿಗೆ ಹೋಗಿ ಬಡಿದಿತ್ತು. ಕಾಕಾ ಉಳಿದರು. ಕಾಲು ಎಳೆಯುತ್ತ ನಡೆಯುತ್ತಾರೆ, ಈಗ ಕುಡಿಯುವುದಿಲ್ಲ. ರಾವಸಾಬ ಸುಧಾರಿಸಿದ ಎಂದು ಊರು ಹೊಗಳುತ್ತದೆ. ದುಕಾನಿನವರು ಮಾತ್ರ, ಬಂದ್ ಮಾಡಿದ್ದಕ್ಕೇ ಅಕ್ಕಾತಾಯಿ ಸತ್ತಳು ಎಂದು ಮನೆಮನೆಗೆ ಹೇಳುತ್ತ ತಿರುಗುತ್ತಿದ್ದಾರೆ. ದುಕಾನು ತೆರೆಯುವುದೋ ಬೇಡವೋ ಎಂದು ಮತ್ತೊಮ್ಮೆ ಮತದಾನ ಆಗಲಿದೆಯಂತೆ. ಹೆಂಗಸರು ನನ್ನ ಬಾಗಿಲಿಗೆ ಬಂದು, ಈ ಸಲ ಏನು ಮಾಡೋಣ ಸುಜಾತಾ ಎಂದು ಕೇಳುತ್ತಾರೆ. ಮೊದಲಿನ ಹಾಗೆಯೇ ಅಡ್ಡಕ್ಕೇ ಹಾಕಿರಿ ಎಂದು ಜೋರಾಗಿ ಹೇಳಿ ಕಳಿಸುತ್ತೇನೆ. ಆದರೆ ಆ ಪರದೆಯ ಹಿಂದೆ ಒಬ್ಬಳೇ ನಿಂತಾಗ ನನ್ನ ಕೈ ಯಾವುದರ ಮೇಲೆ ಹೋಗುತ್ತದೆಯೋ, ನನಗೆ ಗೊತ್ತಿಲ್ಲ.