ಕೊನೆಯ ಗೂಟದ ಬಟ್ಟೆ

ಅವನನ್ನು ಎಲ್ಲರೂ ನೇರಣ್ಣ ಅಂತಲೇ ಕರೆಯುತ್ತಿದ್ದರು. ದೋಣಿ ಹತ್ತಿದವರು "ಎಲ್ಲಿಗೆ ಹೋಗೋದು?" ಅಂತ ಕೇಳಿದರೆ ಸಾಕು, "ನೇರ ಹೋಗೋದು, ಮೀನು ಹಿಡಿಯೋದು" ಅನ್ನುತ್ತಿದ್ದ. ಆ ಹಿನ್ನೀರಿನಲ್ಲಿ ನೇರವಾಗಿರುವಂಥದ್ದು ಏನಾದರೂ ಇದ್ದರೆ ಅದು ಅವನ ಮೂಗೊಂದೇ. ಉಳಿದದ್ದೆಲ್ಲ ಅಂಕುಡೊಂಕು. ಸಮುದ್ರದ ನೀರು ಒಳಗೆ ನುಗ್ಗಿ, ಕೆಸರು ದಿಬ್ಬಗಳ ನಡುವೆ, ಜೊಂಡಿನ ಸಂದುಗೊಂದಿನಲ್ಲಿ ಕವಲೊಡೆದು, ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆತು ನಿಂತ ಜಾಗ ಅದು. ಹೆಚ್ಚಿನ ಕಡೆ ಮೊಣಕಾಲು ಮುಳುಗುವಷ್ಟು ನೀರೂ ಇಲ್ಲ. ಮೇಲಿನಿಂದ ನೋಡಿದರೆ ಎಲ್ಲ ಕಡೆ ಒಂದೇ ಥರ ಮಿನುಗುತ್ತದೆ. ದೋಣಿ ಹೋಗುವಷ್ಟು ಆಳದ ದಾರಿ ಮಾತ್ರ ಅದರೊಳಗೆಲ್ಲೋ ಅಡಗಿರುತ್ತದೆ.

ಮಳೆ ನಿಂತು, ಬಿಸಿಲಿನ ಚುರುಕು ಇಳಿದು, ಜೊಂಡು ಕಂದುಬಣ್ಣಕ್ಕೆ ತಿರುಗಿತೆಂದರೆ ಅವನಿಗೆ ಸುಗ್ಗಿ. ಆಗ ಸಣ್ಣ ಸೀಗಡಿಗಳು ಇಳಿತದ ನೀರಿನ ಜೊತೆ ತೊರೆಗಳಿಂದ ಹೊರಗೆ ಹರಿದುಬರುತ್ತವೆ, ದೊಡ್ಡ ಮೀನುಗಳು ತೊರೆಯ ಬಾಯಲ್ಲಿ ಕಾದು ನಿಂತಿರುತ್ತವೆ. ಗಾಳದ ಹುಚ್ಚು ಹಿಡಿದವರು ಪಟ್ಟಣದಿಂದ ಕೋಲು, ಟೋಪಿ, ಬುತ್ತಿ ಸಮೇತ ಬಂದಿಳಿಯುತ್ತಾರೆ. ಅವರನ್ನು ಆ ಬಾಯಿಯವರೆಗೆ ಕರೆದೊಯ್ದು, ಮೀನು ಕಚ್ಚಿಸಿ, ಕತ್ತಲಾಗುವ ಮುಂಚೆ ವಾಪಸು ತರುವುದು ನೇರಣ್ಣನ ಕಸುಬು. ಅವನ ಅಪ್ಪನ ಕಸುಬೂ ಅದೇ ಆಗಿತ್ತು.

ದೋಣಿಯವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ತೊರೆ. ಮಳೆಗಾಲದ ಪ್ರವಾಹ ತಳದ ಕೆಸರನ್ನು ಕಲಸಿ ದಾರಿಯನ್ನೇ ಅತ್ತಿತ್ತ ಸರಿಸುವುದರಿಂದ, ಪ್ರತಿ ವರ್ಷ ಮಳೆ ನಿಂತ ಮೇಲೆ ಅವರವರ ತೊರೆಯಲ್ಲಿ ಅವರವರೇ ಹೊಸದಾಗಿ ಗೂಟ ನೆಡಬೇಕು. ನೀರು ಪೂರಾ ಇಳಿದಾಗ ಬರಿಗಾಲಲ್ಲಿ ಇಳಿದು, ಅಂಗಾಲಿನಿಂದ ತಡವಿ, ಮೆತ್ತನೆ ಕೆಸರು ಮುಗಿದು ಗಟ್ಟಿ ಮರಳಿನ ದೋಣಿದಾರಿ ಶುರುವಾಗುವ ಅಂಚಿನಲ್ಲಿ ಆಳಿಗಿಂತ ಎತ್ತರದ ಗೂಟ ನೆಟ್ಟು ತುದಿಗೆ ಬಟ್ಟೆ ಕಟ್ಟಬೇಕು. ಹೋಗುವಾಗ ಗೂಟ ಬಲಗೈಗೆ, ಬರುವಾಗ ಎಡಗೈಗೆ. ಇನ್ನೊಬ್ಬರ ಗೂಟವನ್ನು ಯಾರೂ ಮುಟ್ಟುವುದಿಲ್ಲ. ಊಟ ಮಾಡುತ್ತಿರುವವರ ತಟ್ಟೆಗೆ ಕೈ ಹಾಕಿದರೂ ಹಾಕಿಯಾರು, ಗೂಟಕ್ಕೆ ಮಾತ್ರ ಕೈ ಹಾಕರು.

ಆ ವರ್ಷ ನೇರಣ್ಣನ ಗೂಟಗಳು ಜಾಗ ಬದಲಿಸತೊಡಗಿದವು.

ಮೊದಲ ಸಲ ಕಂಡಾಗ ಅವನು ದೋಣಿಯಲ್ಲೇ ಬೆಪ್ಪಾಗಿ ಕೂತುಬಿಟ್ಟ. ಜೊಂಡಿನ ತಿರುವಿನಲ್ಲಿ ನೆಟ್ಟಿದ್ದ ಗೂಟ ಎರಡು ದೋಣಿಯಷ್ಟು ಆಚೆ ನಿಂತು, ತಾನು ಹುಟ್ಟಿದ್ದೇ ಇಲ್ಲಿ ಎಂಬಂತೆ ಬಟ್ಟೆ ಹಾರಿಸುತ್ತಿತ್ತು. ಗಾಳಿಗೆ ಬಿದ್ದರೆ ಬೀಳಬೇಕು, ನಡೆದುಹೋಗಿ ನಿಲ್ಲುವುದುಂಟೆ? ಕಿತ್ತು ಮೊದಲಿನ ಜಾಗದಲ್ಲಿ ನೆಟ್ಟ. ಎರಡು ದಿನ ಬಿಟ್ಟು ನೋಡಿದರೆ ಅದು ಮತ್ತೆ ಆಚೆ, ಅದರ ಜೊತೆ ಪಕ್ಕದ್ದೂ ಆಚೆ. ಅವನ ತಲೆ ಮೊಸರುಗಡಿಗೆಯಾಯಿತು.

ಅನುಮಾನ ಹೋದದ್ದು ಬಾಯಿಬಡುಕನ ಮೇಲೆ. ಪಕ್ಕದ ತೊರೆಯ ದೋಣಿಯವನು, ಬಾಯಿಗೆ ಬೀಗವೇ ಇಲ್ಲದವನು. ದಡದ ಚಹಾ ಅಂಗಡಿಯಲ್ಲಿ ನೇರಣ್ಣ ಅವನ ಎದುರಿಗೆ ಹೋಗಿ ನಿಂತ.

"ನನ್ನ ಗೂಟ ಮುಟ್ಟಿದ್ಯಾ?"

ಬಾಯಿಬಡುಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನಣ್ಣ ಹಿಂಗಂತೀಯ? ನಿನ್ನ ಹತ್ರ ಜಗಳ ಆಡ್ತೀನಿ, ನಿನ್ನ ಗಿರಾಕಿ ಎಳೀತೀನಿ, ಅದು ಬೇರೆ. ಗೂಟ ಮುಟ್ಟೋ ಅಷ್ಟು ಕೆಟ್ಟವನಾ ನಾನು?" ಜನ್ಮದಲ್ಲಿ ಮೊದಲ ಸಲ ಅವನು ಅಷ್ಟಕ್ಕೇ ಮಾತು ನಿಲ್ಲಿಸಿದ. ಆ ಮೌನ ನೋಡಿ ನೇರಣ್ಣನಿಗೆ ನಿಜವಾಗಿ ಹೆದರಿಕೆಯಾಯಿತು. ಇವನೂ ಅಲ್ಲವೆಂದರೆ ಇನ್ಯಾರು?

ಉಳಿದವನು ಒಬ್ಬನೇ, ತಾನು.

ಹೆದರಿಕೆಗೆ ಕಾರಣವಿತ್ತು. ಅವನ ಅಪ್ಪ ಕಣ್ಣು ಕಟ್ಟಿ ಬಿಟ್ಟರೂ ಆ ತೊರೆಯಲ್ಲಿ ದಾರಿ ಹಿಡಿಯುತ್ತಿದ್ದ ಮನುಷ್ಯ. ಕಡೆಗಾಲದಲ್ಲಿ ಒಂದು ಮಧ್ಯಾಹ್ನ ತಾನೇ ನೆಟ್ಟ ಗೂಟಕ್ಕೆ ದೋಣಿ ಕಟ್ಟಿಕೊಂಡು ಕೂತು, ಎದುರಿಗೇ ಮನೆಗಳ ಸಾಲು ಕಾಣುತ್ತಿದ್ದರೂ, ಹೋಗಿಬರುವ ದೋಣಿಯವರನ್ನೆಲ್ಲ "ದಡ ಯಾವ ಕಡೆ ಮಗಾ?" ಅಂತ ಕೇಳುತ್ತಿದ್ದ. ಮರುದಿನವೇ ಮನೆಯವರು ದೋಣಿ ಕಿತ್ತುಕೊಂಡರು. ಕಿತ್ತುಕೊಂಡ ದಿನದಿಂದ ಮುದುಕ ತುಟಿ ಪಿಟಕ್ಕೆನ್ನಲಿಲ್ಲ. ತನಗೂ ಅದೇ ಶುರುವಾಗಿದ್ದರೆ ತನ್ನ ದೋಣಿಯೂ ಹೋಗುತ್ತದೆ ಎಂಬುದು ನೇರಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೋಣಿ ಇಲ್ಲದ ತನ್ನನ್ನು ಅವನು ಊಹಿಸಿಕೊಳ್ಳಲೂ ಆರ.

ಅದಕ್ಕೇ ಹೆಂಡತಿಗೆ ಏನೂ ಹೇಳಲಿಲ್ಲ. ತನ್ನಷ್ಟಕ್ಕೆ ತಾನೇ ಪರೀಕ್ಷೆ ಇಟ್ಟುಕೊಂಡ. ಸ್ನಾನಕ್ಕೆ ಕೂತಾಗ ಸತ್ತ ನೆಂಟರ ಹೆಸರೆಲ್ಲ ಹೇಳಿಕೊಳ್ಳುತ್ತಿದ್ದ. ಎಲ್ಲ ಹೆಸರೂ ನೆನಪಾದರೆ ಸಮಾಧಾನ. ಹೊರಗೆ ಬಂದು ಟವಲು ಎಲ್ಲಿಟ್ಟೆ ಎಂದು ಹುಡುಕುವಾಗ ಮತ್ತೆ ಪುಕುಪುಕು.

ಹೆಂಡತಿ ನೀರು ಇಳಿದಾಗ ಕೆಸರು ದಿಬ್ಬದ ಮೇಲೆ ಚಿಪ್ಪು ಹೆಕ್ಕುವವಳು. ಇತ್ತೀಚೆಗೆ ಅವಳೂ ಒಂಥರಾ ಆಗಿದ್ದಳು. ಬೇಕುಬೇಕೆಂದೇ "ರೀ, ಇವತ್ತು ಯಾವ ವಾರ?" ಅಂತ ಕೇಳುವಳು. ಅವನು ಸರಿಯಾಗಿ ಹೇಳಿದರೆ, ಹೌದೋ ಅಲ್ಲವೋ ಎಂಬಂತೆ ಮುಖ ನೋಡುವಳು. ಆ ವಾರ ಅಡುಗೆಮನೆಯ ಕಿಟಕಿ ಪರದೆಯಲ್ಲಿ ಅರ್ಧ ಕಾಣೆಯಾಗಿತ್ತು. ಹಳದಿ ಹೂವಿನ ಪರದೆ, ಅವಳೇ ಹೊಲಿದದ್ದು.

"ಇಲಿ ಹೊತ್ಕೊಂಡು ಹೋಯ್ತಾ ಹೆಂಗೆ? ಇಷ್ಟು ದೊಡ್ಡ ಬಟ್ಟೆ!" ಅಂದಳು.

"ಇಲಿಗೂ ಚಳಿ ಆಗುತ್ತಲ್ಲ," ಅಂದ ನೇರಣ್ಣ. ಅವಳು ನಗಲಿಲ್ಲ.

ಹೀಗಿರುವಾಗ ಹಲ್ಲು ಡಾಕ್ಟರು ಬಂದರು. ವರ್ಷವೂ ಬರುವ ಹಳೇ ಗಿರಾಕಿ, ನಿವೃತ್ತರು. ಜೀವಮಾನವೆಲ್ಲ ಜನರ ಬಾಯಿಗೆ ಕೈ ಹಾಕಿ ಸಾಕಾಗದೆ ಈಗ ಮೀನಿನ ಬಾಯಿಗೆ ಹಾಕುತ್ತಿದ್ದಾರೆಂದು ನೇರಣ್ಣ ಅವರೆದುರೇ ತಮಾಷೆ ಮಾಡುತ್ತಿದ್ದ. ಆ ದಿನ ತಮಾಷೆ ಬಾಯಿಗೆ ಬರಲಿಲ್ಲ. ಮಧ್ಯಾಹ್ನ ಕಳೆದು ನೀರು ಇಳಿಯುತ್ತಿತ್ತು, ಸೀಗಡಿಗಳು ನೀರಿನ ಮೇಲೆ ಪುಟಪುಟ ಸಿಡಿಯುತ್ತಿದ್ದವು. ಜೊಂಡಿನ ತಿರುವಿಗೆ ಬಂದರೆ, ಗೂಟ ಮತ್ತೆ ಆಚೆ! ನಿನ್ನೆ ಸಂಜೆ ತಾನೇ ಕಿತ್ತು ಈಚೆ ನೆಟ್ಟಿದ್ದ. ನೆಟ್ಟಿದ್ದನೇ? ನೆಟ್ಟೆ ಅಂದುಕೊಂಡಿದ್ದನೇ? ಗೂಟವನ್ನು ನಂಬಿದರೆ ತಲೆ ಸುಳ್ಳು, ತಲೆಯನ್ನು ನಂಬಿದರೆ ಗೂಟ ಸುಳ್ಳು. ಮೋಟಾರಿನ ಹಿಡಿಯ ಮೇಲೆ ಅವನ ಕೈ ಅತ್ತ ಇತ್ತ ಆಡಿತು.

"ಏನಪ್ಪಾ ನೇರಣ್ಣ, ದೋಣಿ ಯಾಕೋ ಕುಣೀತಿದೆ?" ಅಂದರು ಡಾಕ್ಟರು.

"ಏನಿಲ್ಲ ಸಾರ್, ನೇರ ಹೋಗೋದೇ," ಎಂದವನೇ ಹಟಕ್ಕೆ ಬಿದ್ದು ತನ್ನ ತಲೆಯನ್ನೇ ನಂಬಿದ. ಹತ್ತು ಮಾರು ಹೋಗಿರಲಿಲ್ಲ, ದೋಣಿ ಉಸ್ಸೆಂದು ಕೆಸರು ಹತ್ತಿ ಕೂತಿತು. ಡಾಕ್ಟರ ಟೋಪಿ ನೀರಿಗೆ ಹಾರಿತು.

ನೀರು ಇಳಿಯುವಾಗ ಕೂತ ದೋಣಿಯನ್ನು ಬೇಗ ತಳ್ಳದಿದ್ದರೆ ಅದು ಮತ್ತೆ ಉಬ್ಬರ ಬರುವ ತನಕ ಏಳುವುದಿಲ್ಲ. ನೇರಣ್ಣ ಧುಮುಕಿ ತಳ್ಳಿದ. ನೋಯುತ್ತಿದ್ದ ಮಂಡಿ ಕುಸಿಯಿತು. ತಲೆ ಎತ್ತಿ ನೋಡಿದರೆ, ಜೊಂಡಿನ ಆಚೆ ದಿಬ್ಬದ ಮೇಲೆ ಸೀರೆ ಎತ್ತಿ ಕಟ್ಟಿಕೊಂಡ ಹೆಂಗಸೊಬ್ಬಳು ಬರುತ್ತಿದ್ದಳು. ಸೊಂಟದಲ್ಲಿ ಚಿಪ್ಪಿನ ಬುಟ್ಟಿ. ಹೆಗಲ ಮೇಲೆ ಗೂಟ, ಅದರ ತುದಿಯಲ್ಲಿ ಅವನು ಕಟ್ಟಿದ ಬಿಳಿ ಬಟ್ಟೆ.

ಅವನ ಹೆಂಡತಿ. ಅವನನ್ನು ಕಂಡವಳೇ ಕದ್ದ ಮಾಲು ಹೊತ್ತವಳ ಹಾಗೆ ನಿಂತುಬಿಟ್ಟಳು.

"ನೀನಾ?" ಅಂದ ನೇರಣ್ಣ.

"ನೀವು ದಿಬ್ಬದ ಮೇಲೆ ನೆಟ್ಟಿದ್ರಿ ಕಣ್ರೀ," ಅಂದಳು ಅವಳು, ಅಳು ಬಂದ ದನಿಯಲ್ಲಿ. "ದಾರಿ ಈ ವರ್ಷ ಆ ಕಡೆ ಸರಿದಿದೆ. ನನ್ನ ಕಾಲಿಗೆ ಗೊತ್ತಾಗಲ್ವಾ? ದಿನಾ ಅಲ್ಲೇ ತುಳೀತೀನಿ. ಸರಿ ಮಾಡಿ ಇಟ್ರೆ ನೀವು ಮತ್ತೆ ತಂದು ಅಲ್ಲೇ ನೆಡ್ತೀರಿ. ಮತ್ತೆ ಇಡ್ತೀನಿ, ಮತ್ತೆ ಕಿತ್ತು ತರ್ತೀರಿ. ಮಾವನ ಥರಾನೇ ಆಯ್ತು ಅಂದ್ಕೊಂಡೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಮಾವನಿಗೆ 'ತಪ್ಪು' ಅಂತ ಹೇಳಿದಾಗೆಲ್ಲ ಅವರು ಮಗು ಥರ ಮುಖ ಮಾಡ್ತಿದ್ರು. ನಿಮ್ಮ ಆ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ."

ನೇರಣ್ಣನಿಗೆ ಹೋದ ಜೀವ ಬಂದಂತಾಯಿತು. ಮೊದಲು ಸಿಟ್ಟು, ಅದರ ಬೆನ್ನಿಗೇ ನಗು. ಮೊಣಕಾಲುದ್ದ ಕೆಸರಲ್ಲಿ ನಿಂತು ಬಿದ್ದು ಬಿದ್ದು ನಕ್ಕ. ತಲೆಗೇನೂ ಆಗಿಲ್ಲ, ಆದದ್ದೆಲ್ಲ ಮಂಡಿಗೆ! ಮಂಡಿ ನೋವೆಂದು ಈ ವರ್ಷ ಅವನು ನೀರಿಗೇ ಇಳಿದಿರಲಿಲ್ಲ. ದೋಣಿಯಲ್ಲಿ ಕೂತೇ, ಹೋದ ವರ್ಷದ ಜಾಗ ಅಂದಾಜು ಮಾಡಿ ನೆಟ್ಟುಬಿಟ್ಟಿದ್ದ. ಅದನ್ನು ಹೆಂಡತಿಗೆ ಹೇಳಲು ನಾಚಿಕೆ. ಅವನು ಮುಚ್ಚಿಟ್ಟ, ಅವಳೂ ಮುಚ್ಚಿಟ್ಟಳು, ನಡುವೆ ಗೂಟಗಳು ಸವಾರಿ ಮಾಡಿದವು.

"ನಿಮ್ಮ ಸಂಸಾರದ ವಿಚಾರ ಆಮೇಲೆ ಮಾತಾಡಿ, ನನ್ನ ಮೀನು ಹೋಗ್ತಾ ಇದೆ," ಅಂದ ಡಾಕ್ಟರು ತಾವೂ ಪ್ಯಾಂಟು ಮಡಚಿ ಇಳಿದರು. ಮೂವರೂ ತಳ್ಳಿದ ಮೇಲೆ ದೋಣಿ ಸಡಿಲವಾಗಿ ಆಳಕ್ಕೆ ಜಾರಿತು. ಹೆಂಡತಿಯನ್ನೂ ಬುಟ್ಟಿಯನ್ನೂ ಹತ್ತಿಸಿಕೊಂಡು ನೇರಣ್ಣ ಹಾಡೊಂದನ್ನು ಗುನುಗುತ್ತಾ ಹೊರಟ. ಬೇಕೆಂದೇ ಅವಳು ಇಟ್ಟ ಗೂಟಗಳನ್ನೇ ಬಲಗೈಗೆ ಹಿಡಿದು ಹೋದ. ದಾರಿ ಬೆಣ್ಣೆಯಂತಿತ್ತು.

ತೊರೆಯ ಬಾಯಿ ಹತ್ತಿರವಾದಂತೆ ಅವನು ಕೇಳಿದ: "ಅದೆಲ್ಲ ಸರಿ, ಕೊನೇ ಗೂಟಕ್ಕೆ ಬಟ್ಟೆ ಯಾಕೆ ಬದಲಾಯಿಸಿದೆ? ದೂರದಿಂದ ಹಳದಿ ಕಾಣುತ್ತೆ."

"ಕೊನೇದಾ?" ಅಂದಳು. "ಅಲ್ಲಿವರೆಗೆ ನಾನೆಲ್ಲಿ ಹೋದೆ? ಎದೆಮಟ್ಟ ನೀರಿದೆ ಅಲ್ಲಿ. ನನಗೆ ಈಜು ಬರುತ್ತಾ?"

ದೋಣಿ ಗೂಟದ ಪಕ್ಕಕ್ಕೆ ಬಂತು. ಡಾಕ್ಟರ ಗಾಳಕ್ಕೆ ಅಷ್ಟರಲ್ಲೇ ಮೀನು ಕಚ್ಚಿ, ಅವರು ಇಹಪರ ಮರೆತು ಕೋಲಿನ ದಾರದ ಸುರುಳಿ ತಿರುಗಿಸುತ್ತಿದ್ದರು. ಗೂಟ ಇರಬೇಕಾದ ಅಂಚಿನಲ್ಲೇ ಇತ್ತು, ಒಂದು ಗೇಣು ಅತ್ತಿತ್ತ ಇಲ್ಲದೆ. ತುದಿಯಲ್ಲಿ ಹಾರುತ್ತಿದ್ದದ್ದು ಹಳದಿ ಹೂವಿನ ಬಟ್ಟೆ. ಅವರ ಅಡುಗೆಮನೆಯ ಪರದೆಯ ಅರ್ಧ.

ಇಬ್ಬರೂ ಅದನ್ನೇ ನೋಡಿದರು. ಆಮೇಲೆ ಅವಳು ಹಣೆ ಚಚ್ಚಿಕೊಂಡು, "ಅಯ್ಯೋ, ಇದಾ! ಇದೂ ನಾನೇ ರೀ. ಮರೆತೇ ಹೋಗಿತ್ತು ನೋಡಿ," ಅಂದಳು.

ನೇರಣ್ಣ ಗಂಟು ನೋಡಿದ. ಪ್ರಾಯದಲ್ಲಿ ಮೋಟಾರಿನ ಹಗ್ಗಕ್ಕೆ ಸಿಕ್ಕಿ ಅವನ ತೋರುಬೆರಳಿನ ತುದಿ ಹೋಗಿತ್ತು. ಅಂದಿನಿಂದ ಅವನು ಹಾಕುವ ಗಂಟಿನ ಬಾಲ ಕೆಳಗಿನಿಂದ ಸುತ್ತಿ ಬರುತ್ತದೆ. ಬೇರೆ ಯಾರ ಕೈಯಲ್ಲೂ ಆ ಗಂಟು ಬೀಳುವುದಿಲ್ಲ. ಪರದೆ ಹರಿದದ್ದು, ಇಲ್ಲಿಗೆ ಬಂದದ್ದು, ಈ ನೀರಿನಲ್ಲಿ ನಿಂತು ಕಟ್ಟಿದ್ದು, ಯಾವುದರ ಎಳೆಯೂ ಅವನಿಗೆ ಸಿಗಲಿಲ್ಲ. ಎಷ್ಟು ಕೆದಕಿದರೂ ಒಳಗೆ ಬರೀ ಮಿನುಗುವ ನೀರು. ಗಂಡನ ಗಂಟು ಅವಳಿಗೂ ಗೊತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು.

"ಮರೆವು ನಿನಗೇ ಶುರುವಾಯ್ತು ನೋಡು," ಅಂದ.

"ಹೂಂ ರೀ. ವಯಸ್ಸಾಯ್ತಲ್ಲ," ಅಂದಳು. "ನಾಳೆಯಿಂದ ನಾನೂ ದೋಣೀಲೇ ಬರ್ತೀನಿ. ಚಿಪ್ಪು ಹೆಕ್ಕಿ ಹೆಕ್ಕಿ ಸೊಂಟ ಬಿದ್ದುಹೋಗಿದೆ."

"ಬಾ."

ಡಾಕ್ಟರು ಮೀನನ್ನು ಎದೆಗವುಚಿಕೊಂಡು ಸಂಭ್ರಮ ಪಡುತ್ತಿದ್ದರು. ಅದನ್ನು ಬುಟ್ಟಿಗೆ ಹಾಕಿ ದೋಣಿ ತಿರುಗಿಸುವಷ್ಟರಲ್ಲಿ ಬಿಸಿಲು ಓರೆಯಾಗಿತ್ತು. ಅವಳು ಮುಂದೆ ಹೋಗಿ, ಅವನ ಕಡೆ ಮುಖ ಮಾಡಿ ಕೂತಳು. ಅವಳ ಹಿಂದೆ ನೀರಿನ ಮೇಲೆ ಗೂಟಗಳ ಸಾಲು, ಅದರಾಚೆ ದಡದ ಮನೆಗಳು ನಿಚ್ಚಳವಾಗಿ ಕಾಣುತ್ತಿದ್ದವು. ಹುಟ್ಟಿದಾಗಿನಿಂದ ಯಾರನ್ನೂ ದಾರಿ ಕೇಳದ ನೇರಣ್ಣ ಮೋಟಾರಿನ ಹಿಡಿ ಹಿಡಿದು ಅವಳನ್ನು ಕೇಳಿದ: "ಗೂಟ ಯಾವ ಕೈಗೆ?"

ಮದುವೆಯಾದ ಹೊಸದರಲ್ಲಿ ಅವನೇ ಅವಳಿಗೆ ಹೇಳಿಕೊಟ್ಟ ಪಾಠ ಅದು.

"ಎಡಗೈಗೆ ರೀ," ಅಂದಳು. "ಮನೆಗೆ ಬರುವಾಗ ಎಡಗೈಗೆ."