ಹಸೆಮಣೆಯ ಮೇಲೆ ನಿಂತು ಇಳಿದದ್ದು ಯಾರು

ಇದು ಹೀಗೇ ನಡೆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಗುಡ್ಡ ಇತ್ತು, ಹಲಗೆ ಇತ್ತು, ಆ ಹಲಗೆಯ ಮೇಲೆ ನಿಂತುಕೊಂಡು ಯಾರೋ ಒಬ್ಬರು ಜಾರಿ ಬಂದರು. ಇಷ್ಟರ ಮಟ್ಟಿಗೆ ಅನುಮಾನವಿಲ್ಲ. ಬಂದದ್ದು ಅಣ್ಣನೋ ತಂಗಿಯೋ ಎಂಬಲ್ಲಿ ನನ್ನ ನೆನಪು ಕೈಕೊಡುತ್ತದೆ. ನಾನು ಭೌತಶಾಸ್ತ್ರ ಓದಿ, ಅದನ್ನೇ ಕಲಿಸಿ ಹೊಟ್ಟೆ ಹೊರೆದವನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು. ಆದರೆ ಆ ಸಂಜೆ ಅಲ್ಲಿ ಇದ್ದದ್ದು ನಾವು ಮೂರೇ ಜನ. ಅವರಿಬ್ಬರ ಮಾತು ಹೊಂದಲಿಲ್ಲ. ಹಾಗಾಗಿ ಇಬ್ಬರೂ ನನ್ನ ಮುಖ ನೋಡಿದರು. ಕೊನೆಕೊನೆಗೆ ನನಗೆ ಆ ವಿಷಯ ಎತ್ತಿದರೇ ಆಯಾಸವಾಗುತ್ತಿತ್ತು.

ಅಪ್ಪ ಉಡುಪಿ ಕಡೆಯಿಂದ ನಾಸಿಕಕ್ಕೆ ಬಂದು ಹೋಟೆಲು ಇಟ್ಟಿದ್ದರು. ಕೆಳಗೆ ಹೋಟೆಲು, ಮೇಲೆ ಮನೆ. ಪಾರ್ಸೆಲ್ ಕಟ್ಟಲು ರದ್ದಿ ಕಾಗದವನ್ನು ತೂಕದ ಲೆಕ್ಕದಲ್ಲಿ ತರಿಸುತ್ತಿದ್ದೆವು. ಅದರಲ್ಲಿ ಮರಾಠಿ ಪತ್ರಿಕೆಗಳ ನಡುವೆ ಒಮ್ಮೊಮ್ಮೆ ಯಾರದೋ ಬಂಗಲೆಯಿಂದ ಬಂದ ವಿದೇಶಿ ಪತ್ರಿಕೆಗಳೂ ಇರುತ್ತಿದ್ದವು. ಅರವತ್ತರ ದಶಕದ ಕೊನೆಯ ಒಂದು ವರ್ಷ, ಮಳೆಗಾಲ ಮುಗಿದ ಮೇಲೆ, ಅಣ್ಣ ಬಟಾಟೆವಡೆ ಕಟ್ಟುತ್ತಿದ್ದವನು ಕೈ ನಿಲ್ಲಿಸಿ ಒಂದು ಹಾಳೆಯನ್ನು ಪಕ್ಕಕ್ಕೆ ಎತ್ತಿಟ್ಟ. ಹಿಮದ ಇಳಿಜಾರು. ಅಗಲ ಕಿರಿದಾದ ಒಂದು ಹಲಗೆಯ ಮೇಲೆ ನಿಂತ ಹುಡುಗಿ. ಹಲಗೆಯ ಮೂತಿಗೆ ಹಗ್ಗ, ಅದರ ತುದಿ ಅವಳ ಕೈಯಲ್ಲಿ.

ಅಮೆರಿಕದಲ್ಲಿ ಒಬ್ಬ ತಂದೆ, ಹಿಮದಲ್ಲಿ ಜಾರಲು ಎರಡೂ ಕಾಲಿಗೆ ಬೇರೆಬೇರೆಯಾಗಿ ಕಟ್ಟಿಕೊಳ್ಳುವ ಉದ್ದದ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ, ಹೆಣ್ಣುಮಕ್ಕಳ ಆಟಕ್ಕೆಂದು ಕೊಟ್ಟನಂತೆ. ಆಮೇಲೆ ಅದು ಅಂಗಡಿಗೂ ಬಂತಂತೆ. ಇದನ್ನು ಆ ಹಾಳೆಯಿಂದಲೇ ಓದಿ ಅವರಿಗೆ ಹೇಳಿದೆ ಎಂದು ನನ್ನ ನೆನಪು. ಎಷ್ಟೋ ವರ್ಷದ ಮೇಲೆ ಬೇರೆಲ್ಲೋ ಓದಿದ್ದನ್ನು ತಂದು ಆ ಹಾಳೆಗೆ ಅಂಟಿಸಿಕೊಂಡಿರಲೂಬಹುದು.

"ಹಿಮ ಎಲ್ಲಿಂದ ತರ್ತಿ?" ಎಂದೆ.

"ಹಿಮ ಎಂತಕ್ಕೆ? ಹುಲ್ಲು ಉಂಟಲ್ಲ," ಎಂದ ಅಣ್ಣ.

ಅವನ ಮಾತು ಸುಳ್ಳಲ್ಲ. ದೀಪಾವಳಿ ಕಳೆದರೆ ಊರ ಹೊರಗೆ ಪಾಂಡವ ಲೇಣಿ ಎಂಬ ಗುಹೆಗಳಿರುವ ಗುಡ್ಡದ ಹುಲ್ಲು ಒಣಗಿ ಹಳದಿಯಾಗಿ ಒಂದೇ ದಿಕ್ಕಿಗೆ ಮಲಗುತ್ತದೆ. ಚಪ್ಪಲಿ ಹಾಕಿ ನಡೆದರೇ ಕಾಲು ನಿಲ್ಲುವುದಿಲ್ಲ.

ತಂಗಿಗೆ ಆಗ ಮದುವೆ ನಿಶ್ಚಯವಾಗಿತ್ತು. ಗಂಡು ಔರಂಗಾಬಾದಿನವರು, ನಮ್ಮವರೇ, ಅವರದ್ದೂ ಹೋಟೆಲು. ಆ ಊರಿಗೆ ಈಗ ಸಂಭಾಜಿನಗರ ಎನ್ನುತ್ತಾರೆ. ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಮದುವೆಗೆಂದು ಅಜ್ಜಿ ಊರಿನಿಂದ ಒಂದು ಜೊತೆ ಹಸೆಮಣೆ ಕಳಿಸಿದ್ದರು. ಹಲಸಿನ ಮರದ್ದು, ಉದ್ದನೆಯವು, ಅಜ್ಜ ಅಜ್ಜಿಯೇ ಅದರ ಮೇಲೆ ಕೂತು ಮದುವೆಯಾದವರು. ನಾಸಿಕದಲ್ಲಿ ಅಂಥ ಮರ ಎಲ್ಲಿ ಸಿಗಬೇಕು? ಅಣ್ಣನ ಕಣ್ಣು ಅದರ ಮೇಲೆ ಬಿತ್ತು. ಅಥವಾ ತಂಗಿಯ ಕಣ್ಣು. "ನಂದೇ ಮಣೆ, ತಕ್ಕೊ ಅಂತ ನಾನೇ ಕೊಟ್ಟದ್ದು," ಎಂದು ಅವಳು ಈಗಲೂ ಹೇಳುತ್ತಾಳೆ.

ಅಣ್ಣ ಎರಡೂ ಮಣೆಗಳ ಕೆಳಗಿನ ಕಾಲುಪಟ್ಟಿ ಕಿತ್ತ. ಒಂದರ ಹಿಂದೆ ಒಂದನ್ನು ಇಟ್ಟು, ಮೇಲಿನಿಂದ ಅಂಚಿಗೆ ಮರದ ರೀಪುಪಟ್ಟಿ ಹೊಡೆದು ಸೇರಿಸಿದ. ಮೂತಿ ಹುಲ್ಲಿಗೆ ಚುಚ್ಚಿಕೊಳ್ಳದಿರಲೆಂದು ಎಣ್ಣೆ ಡಬ್ಬದ ತಗಡನ್ನು ಮೇಲಕ್ಕೆ ಬಾಗಿಸಿ ಬಡಿದ. ತೂತು ಕೊರೆದು ಹಗ್ಗ ಹಾಕಿದ. ಕಾಲಿಡುವಲ್ಲಿ ಜಾರದ ಹಾಗೆ ಸೈಕಲ್ ಟೈರಿನ ತುಂಡುಗಳನ್ನು ಸಣ್ಣ ಮೊಳೆಯಿಂದ ಹೊಡೆದ. ತಂಗಿ ಅಡಿಭಾಗಕ್ಕೆ ಮೇಣದಬತ್ತಿ ಉಜ್ಜಿದಳು. ನಾನು ಘರ್ಷಣೆಯ ಬಗ್ಗೆ ಏನೋ ಹೇಳಿದೆ. ಯಾರೂ ಕೇಳಲಿಲ್ಲ.

ಗುಡ್ಡಕ್ಕೆ ಸೈಕಲ್ಲಿನಲ್ಲಿ ಹೋದೆವು. ನನ್ನನ್ನು ಕೆಳಗೆ ನಿಲ್ಲಿಸಿ ಅವರಿಬ್ಬರೂ ಹಲಗೆ ಹೊತ್ತು ಮೇಲೆ ಹತ್ತಿದರು. ಹಲಗೆ ರಸ್ತೆಗೆ ಬಂದರೆ ತಡೆಯುವುದು ನನ್ನ ಕೆಲಸ. ಹೊತ್ತು ಮುಳುಗುತ್ತಿತ್ತು, ಬಿಸಿಲು ಗುಡ್ಡದ ನೆತ್ತಿಯಿಂದ ನೇರವಾಗಿ ನನ್ನ ಕನ್ನಡಕಕ್ಕೆ ಬಡಿಯುತ್ತಿತ್ತು. ಮೇಲಿನಿಂದ ಒಂದು ಕಪ್ಪು ಆಕಾರ ಬಂತು. ನಿಂತೇ ಬಂತು. ಎರಡು ಕಾಲು, ಚಾಚಿದ ಒಂದು ತೋಳು. ತಂಗಿ ಅಂದು ಸೀರೆಯನ್ನು ಇಲ್ಲಿಯ ಮರಾಠಿ ಹೆಂಗಸರ ಹಾಗೆ ಕಚ್ಚೆ ಹಾಕಿ ಬಿಗಿದಿದ್ದಳು, ಅಣ್ಣ ಪಾಯಜಾಮದಲ್ಲಿದ್ದ. ಬೆಳಕಿಗೆ ಎದುರಾಗಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆಕಾರ ಅರ್ಧ ಗುಡ್ಡ ದಾಟಿತು, ಓಲಾಡಿತು, ಹಾರಿತು, ಧೂಳೆದ್ದಿತು. ನಾನು ಓಡಿ ಹತ್ತಿರ ಹೋಗುವಷ್ಟರಲ್ಲಿ ಇಬ್ಬರೂ ಹುಲ್ಲಿನಲ್ಲಿ ಬಿದ್ದು ಮಾತು ಬಾರದ ಹಾಗೆ ನಗುತ್ತಿದ್ದರು. ಒಬ್ಬರು ಜಾರಿ ಬಂದವರು, ಇನ್ನೊಬ್ಬರು ಹಿಂದೆಯೇ ಓಡಿ ಬಂದವರು. ಇಬ್ಬರ ಬಟ್ಟೆಗೂ ಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು. ನನ್ನ ಬಟ್ಟೆಗೂ ಇತ್ತು, ಆದ್ದರಿಂದ ಅದೂ ಸಾಕ್ಷಿಯಾಗುವುದಿಲ್ಲ.

ಹಲಗೆಯನ್ನು ಮುಚ್ಚಿಡಲು ಆಗಲಿಲ್ಲ. ಮನೆಯ ಮೆಟ್ಟಿಲಲ್ಲೇ ಅಪ್ಪ ಸಿಕ್ಕರು. ಕಾಲಿಲ್ಲದ ಮಣೆ, ಮೂತಿಗೆ ತಗಡು, ಮದುವೆಗೆ ತಿಂಗಳೂ ಇಲ್ಲ.

"ಯಾರು ನಿಂತದ್ದು ಇದರ ಮೇಲೆ?" ಎಂದರು ಅಪ್ಪ.

"ನಾನು. ಅವಳು ಕೆಳಗೆ ಇವನ ಹತ್ತಿರ ಇದ್ದಳು," ಎಂದ ಅಣ್ಣ.

ಅವಳು ನನ್ನ ಹತ್ತಿರ ಇರಲಿಲ್ಲ. ಆದರೆ ನಿಶ್ಚಯವಾದ ಹುಡುಗಿ ಕಚ್ಚೆ ಕಟ್ಟಿ ಗುಡ್ಡ ಹತ್ತಿದ್ದಳು ಎಂಬ ಮಾತು ಗಂಡಿನ ಕಡೆಯವರಿಗೆ ತಲುಪಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಆದ್ದರಿಂದ ಆ ಸುಳ್ಳು ಆ ಹೊತ್ತಿಗೆ ಸರಿಯಾಗಿಯೇ ಇತ್ತು. ಅಪ್ಪ ಅಣ್ಣನ ಕೆನ್ನೆಗೆ ಹೊಡೆದರು. ಮೀಸೆ ಬಂದ ಮಗನಿಗೆ, ಅಡುಗೆಯವರೆಲ್ಲ ನೋಡುತ್ತಿದ್ದಂತೆ. ಬಡಗಿಯನ್ನು ಕರೆಸಿ ಮಣೆಗೆ ಹೊಸ ಕಾಲು ಕೂರಿಸಿದರು, ತೂತುಗಳಿಗೆ ಅರಗು ತುಂಬಿದರು, ಕೆಂಪು ಬಣ್ಣ ಬಳಿದರು. ಅದರ ಮೇಲೆ ಅಮ್ಮ ರಂಗೋಲಿ ಬರೆದರು. ಮದುವೆ ಆಯಿತು. ಒಂದು ಮಣೆ ತಂಗಿಯ ಸಾಮಾನಿನ ಜೊತೆ ಔರಂಗಾಬಾದಿಗೆ ಹೋಯಿತು, ಇನ್ನೊಂದು ನಾಸಿಕದಲ್ಲೇ ಉಳಿಯಿತು.

ಆಮೇಲಿನ ವರ್ಷಗಳು ನನಗೆ ಒಂದರೊಳಗೊಂದು ಕಲಸಿಹೋಗಿವೆ. ನಾನು ಯಾವ ಊರಿನಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಪುಣೆಯಲ್ಲಿ ಕಲಿಸಲು ಸೇರಿ ಬಿಟ್ಟೆ, ಇನ್ನೆರಡು ಕಾಲೇಜು ಬಿಟ್ಟೆ, ಎಪ್ಪತ್ತರ ದಶಕದ ಕೊನೆಗೆ ಔರಂಗಾಬಾದಿನ ಒಂದು ಕಾಲೇಜಿಗೆ ಬಂದು ಭಾವನ ಹೋಟೆಲಿನಲ್ಲಿ ಊಟಕ್ಕೆ ಗೊತ್ತುಮಾಡಿಕೊಂಡೆ. ಅಣ್ಣ ಆಗಾಗ ನಾಸಿಕದಿಂದ ಬರುತ್ತಿದ್ದ. ಬಂದಾಗೆಲ್ಲ ಯಾರಾದರೊಬ್ಬ ಗಿರಾಕಿಗೆ ಗುಡ್ಡದ ಕತೆ ಹೇಳುತ್ತಿದ್ದ. ಅವನು ಬೇಕೆಂದೇ ಸುಳ್ಳು ಹೇಳುತ್ತಿದ್ದನೆಂದಲ್ಲ. ಪ್ರತಿ ಸಲವೂ ಅವನಿಗೆ ಹೆಚ್ಚು ಸ್ಪಷ್ಟವಾಗಿ ನೆನಪಾಗುತ್ತಿತ್ತು. ಕೇಳಿ ಕೇಳಿ ನನಗೂ ಗುಡ್ಡದ ಮೇಲೆ ಅವನೇ ಕಾಣತೊಡಗಿದ್ದ.

ಒಂದು ಮಧ್ಯಾಹ್ನ ಊಟದ ಹೊತ್ತು ಮುಗಿದಿತ್ತು, ಸೆಕೆ ತಡೆಯುವ ಹಾಗಿರಲಿಲ್ಲ. ಎಲ್ಲೋರಾ ನೋಡಿ ಬಂದ ಅಮೆರಿಕದ ಯುವಕನೊಬ್ಬ ಮಸಾಲೆದೋಸೆ ತಿನ್ನುತ್ತಿದ್ದ. ಅಣ್ಣ ಅವನ ಎದುರು ಕೂತು ತನ್ನ ಹರಕು ಇಂಗ್ಲಿಷಿನಲ್ಲಿ ಶುರು ಮಾಡಿದ. ಯುವಕ ತಿನ್ನುವುದು ನಿಲ್ಲಿಸಿದ. ಅಂಥದೊಂದು ಹಲಗೆ ಚಿಕ್ಕವನಿದ್ದಾಗ ತನ್ನ ಮನೆಯಲ್ಲೂ ಇತ್ತು ಎಂದ. ಮೂತಿಗೆ ಹಗ್ಗ, ಕಾಲು ಜಾರದಿರಲು ಮೇಲೆ ಸಣ್ಣ ಮೊಳೆಗಳು. ಈಗ ಅದು ಬರೀ ಮಕ್ಕಳ ಆಟವಾಗಿ ಉಳಿದಿಲ್ಲವಂತೆ. ಕಡಲ ಅಲೆಯ ಮೇಲೆ ಜಾರುವ ಹಲಗೆಗಳ ಹಾಗೆ ಗಾಜಿನ ನಾರು, ರಾಳ ಹಾಕಿ ಮಾಡುವವರಿದ್ದಾರೆ, ಕೆಲವಕ್ಕೆ ಹಿಂದೆ ಹಕ್ಕಿಯ ಬಾಲದಂಥ ಸೀಳು ಇರುತ್ತದೆ, ಇನ್ನು ಕೆಲವರು ಪಾದವನ್ನೇ ಪಟ್ಟಿಯಿಂದ ಹಲಗೆಗೆ ಬಿಗಿಯುತ್ತಿದ್ದಾರೆ ಎಂದ. ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಕಲ್ಲಿನ ಮೇಲೆ ಒಂದೊಂದನ್ನೂ ಬರೆದು ತೋರಿಸಿದ. ಮುಂದಿನದನ್ನು ಬರೆಯುವಷ್ಟರಲ್ಲಿ ಹಿಂದಿನದು ಆರಿಹೋಗುತ್ತಿತ್ತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ತಂಗಿ ಗಲ್ಲೆಯ ಪಕ್ಕದಲ್ಲಿ ಅದೇ ಮಣೆಯ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು.

"ನೀನು ಹೇಗೆ ನಿಂತಿದ್ದೆ?" ಎಂದು ಯುವಕ ಅಣ್ಣನನ್ನು ಕೇಳಿದ.

ಅಣ್ಣ ಎದ್ದು, ಎರಡೂ ಪಾದ ಜೋಡಿಸಿ, ಎದೆ ಮುಂದೆ ಮಾಡಿ, ಧ್ವಜವಂದನೆಗೆ ನಿಂತವನ ಹಾಗೆ ನಿಂತು ತೋರಿಸಿದ.

ಯುವಕ ನಕ್ಕ. "ಹಾಗೆ ನಿಂತರೆ ಮುಖ ನೆಲಕ್ಕೆ. ಅಡ್ಡ ನಿಲ್ಲಬೇಕು, ಒಂದು ಕಾಲು ಮುಂದೆ, ಒಂದು ಹಿಂದೆ."

"ನಮ್ಮದು ಬೇರೆ. ಭಾರತದ ಪದ್ಧತಿ," ಎಂದ ಅಣ್ಣ.

ತಂಗಿ ತಲೆ ಎತ್ತದೆ ನನಗೆ ಹೇಳಿದಳು: "ಸಣ್ಣಣ್ಣ, ಅವನ ಹತ್ರ ಒಂದು ಕೇಳು. ಕಾಲು ಕಟ್ಟಿದ್ರೆ ಬೀಳುವಾಗ ಹಾರುದು ಹೇಗೆ? ಹಿಂದಿನ ಕಾಲು ಮೊದಲು ಬಿಡಿಸಿಕೊಳ್ಬೇಕಲ್ಲ?"

ನಾನು ಕೇಳಿದೆ. ಯುವಕ ಅಣ್ಣನನ್ನು ಬಿಟ್ಟು ಅವಳನ್ನೇ ನೋಡಿದ. "ಹಾರಲು ಆಗುವುದಿಲ್ಲ, ಹಲಗೆಯ ಜೊತೆಗೇ ಬೀಳಬೇಕು," ಎಂದ. "ಇವರೂ ನಿಂತಿದ್ದರಾ?"

ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಅವಳಿಗೆ ಅರ್ಥವಾಗಿತ್ತು. "ನಿಂತದ್ದು ನಾನೇ," ಎಂದಳು. "ದೊಡ್ಡಣ್ಣ ಹಿಂದಿಂದ ದೂಡಿದ್ದು."

"ಎಂತ ಮಾತಾಡ್ತಿ ಮಾರಾಯ್ತಿ? ಪೆಟ್ಟು ತಿಂದದ್ದು ಯಾರು?" ಎಂದ ಅಣ್ಣ.

"ಪೆಟ್ಟು ನೀನೇ ತಿಂದದ್ದು. ನನ್ನ ಮದುವೆ ಉಳಿಸ್ಲಿಕ್ಕೆ ತಿಂದದ್ದು. ಅದನ್ನು ನಾನು ಮರ್ತಿಲ್ಲ."

ಗಲ್ಲೆಯಲ್ಲಿದ್ದ ಭಾವ ಚಿಲ್ಲರೆ ಎಣಿಸುವುದು ಬಿಟ್ಟರು. "ಅಂದ್ರೆ ಮದುವೆ ದಿನ ನನ್ನನ್ನು ಕೂರ್ಸಿದ್ದು ಸೆಕೆಂಡ್ ಹ್ಯಾಂಡ್ ಗಾಡಿ ಮೇಲೆ."

"ಗಾಡಿ ಚಂದ ಓಡ್ತಿತ್ತು, ಚಿಂತೆ ಬೇಡ," ಎಂದಳು ತಂಗಿ. ಭಾವ ನಕ್ಕರು. ಅಣ್ಣ ನಗಲಿಲ್ಲ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಬಿಸಿಲು ಎದುರಿಗಿತ್ತು, ಆಕಾರ ಮಾತ್ರ ಕಂಡಿತ್ತು, ಹೇಳಲಾರೆ ಎಂದೆ.

"ಅಷ್ಟು ಓದಿ ಹೇಳಿದ್ದು ಇಷ್ಟು," ಎಂದಳು ತಂಗಿ. ಬೀನ್ಸ್ ತಟ್ಟೆ ಎತ್ತಿಕೊಂಡು ಎದ್ದಳು. "ನನಗೆ ಬೇರೆ ಎಂತದೂ ಬೇಡ ಸಣ್ಣಣ್ಣ. ಮದುವೆಗೆ ಮುಂಚೆ ನನ್ನ ಖುಷಿಗೆ ಅಂತ ಮಾಡಿದ್ದು ಅದೊಂದೇ. ಅದನ್ನೂ ಅವನ ಹೆಸರಿಗೆ ಬರ್ದು ಕೊಡ್ಲಿಕ್ಕೆ ಆಗುದಿಲ್ಲ."

ಅಣ್ಣ ಅಂದೇ ಹೊರಟುಹೋದ. ನಾನು ಮಾರನೆಯ ದಿನ ಅವಳ ಮಣೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಬಣ್ಣ ಸವೆದಿತ್ತು. ಮುಂದೆ ಹಗ್ಗದ ತೂತು ಅರಗಿನಿಂದ ಮುಚ್ಚಿತ್ತು. ನಡುವೆ ಸಣ್ಣ ಮೊಳೆಗಳ ಗುರುತು, ಒಂದು ಪಾದಕ್ಕೆ ಆಗುವಷ್ಟು ಜಾಗವನ್ನು ಸುತ್ತುವರಿದು, ಹಲಗೆಗೆ ಅಡ್ಡಲಾಗಿ. ಹಗ್ಗದ ತೂತು ಇದೆ, ಅಂದರೆ ಮುಂದಿನ ಮಣೆ ಇದು. ಆದರೆ ಇದೊಂದರಿಂದ ಏನೂ ಹೇಳಲಾಗುವುದಿಲ್ಲ. ಮುಂದಿನದರ ಮೇಲಿನ ರಬ್ಬರು ಸುಮ್ಮನೆ ಹೊಡೆದದ್ದು, ತಾನು ಎರಡೂ ಕಾಲನ್ನು ಹಿಂದಿನ ಮಣೆಯ ಮೇಲೇ ಇಟ್ಟಿದ್ದೆ ಎಂದು ಅಣ್ಣ ಹೇಳಿಯೇ ಹೇಳುತ್ತಾನೆ. ಹಿಂದಿನ ಮಣೆ ನಾಸಿಕದಲ್ಲಿತ್ತು.

ಹೋಗಬೇಕೆಂದುಕೊಂಡು ಎಷ್ಟೋ ತಿಂಗಳು ಹೋಗಲಿಲ್ಲ. ಒಂದು ರಜೆಯಲ್ಲಿ ಹೊರಟೆ. ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕಿತ್ತು, ಮುಂದಿನದು ತಡ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕಲ್ಲಿದ್ದಲಿನ ಹೊಗೆ ಕುಡಿಯುತ್ತಾ, ಒಂದು ಮಣೆಯ ತೂತು ನೋಡಲು ಇಷ್ಟು ದೂರ ಹೊರಟ ನನ್ನ ಮೇಲೆ ನನಗೇ ಬೇಸರ ಬಂತು. ಹಿಂದಕ್ಕೆ ಹೋಗುವ ಗಾಡಿ ಎದುರಿಗೇ ನಿಂತಿತ್ತು. ಹತ್ತಲಿಲ್ಲ.

ನಾಸಿಕದ ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ. ಮೇಜು ಬಂದಿದ್ದರೂ ಅವನು ನೆಲದ ಮೇಲೆಯೇ ಉಣ್ಣುವವನು, ಕೂರುವುದು ಆ ಮಣೆಯ ಮೇಲೆಯೇ.

"ಸ್ವಲ್ಪ ಏಳು," ಎಂದೆ.

"ಉಣ್ಣುವವನನ್ನು ಎಬ್ಬಿಸ್ತಿಯಲ್ಲ, ಎಂತ ಆಯ್ತು ನಿಂಗೆ?" ಎಂದ. ಆದರೂ ಎದ್ದ. ನಾನು ಏನು ನೋಡಲು ಬಂದೆನೆಂದು ಅವನಿಗೆ ಗೊತ್ತಾಗಿರಬೇಕು.

ಕಿಟಕಿಯ ಹತ್ತಿರ ಒಯ್ದೆ. ಅವನೂ ಬಂದು ಪಕ್ಕದಲ್ಲಿ ನಿಂತ. ಎಂಜಲು ಕೈಯನ್ನು ದೂರ ಹಿಡಿದುಕೊಂಡು ಬಗ್ಗಿ ನೋಡಿದ. ಇದರಲ್ಲೂ ಮೊಳೆಯ ಗುರುತು ಒಂದೇ ಪಾದದಷ್ಟು, ಅದೂ ಅಡ್ಡಲಾಗಿ. ನಾನು ಔರಂಗಾಬಾದಿನ ಮಣೆಯಲ್ಲಿ ಕಂಡದ್ದನ್ನು ಹೇಳಿದೆ. ಬೇರೇನೂ ಹೇಳಲಿಲ್ಲ. ನಿಂತವರು ಅಡ್ಡ ನಿಂತಿದ್ದರು ಎಂದಷ್ಟೇ ಇದರಿಂದ ಗೊತ್ತಾಗುತ್ತದೆ, ಯಾರು ಎಂದು ಮಣೆ ಹೇಳುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

ಅಣ್ಣ ಗೋಡೆಗೆ ಒರಗಿ, ಮೆಲ್ಲಗೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಂತು ನೋಡಿದ. ಅವನ ಮೈಗೆ ಆ ನಿಲುವು ಒಗ್ಗಲಿಲ್ಲ. ಮತ್ತೆ ನೆಟ್ಟಗೆ ನಿಂತ.

"ಹಾಗಾದ್ರೆ ನಾನು ಎಲ್ಲಿದ್ದೆ ಮಾರಾಯ?" ಎಂದ.

"ಮೇಲೆ ಇದ್ದಿ. ದೂಡಿದ್ದು ನೀನು ಅಂತ ಅವಳು ಹೇಳ್ತಾಳೆ."

"ದೂಡಿದ್ದು," ಎಂದ. ಆ ಮಾತನ್ನು ಇನ್ನೊಮ್ಮೆ ಹೇಳಿಕೊಂಡ. ಆಮೇಲೆ ಮಣೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟ. "ಇದನ್ನು ವಾಪಸ್ ಹೋಗುವಾಗ ಅವಳಿಗೆ ಕೊಡು. ಜೋಡಿ ಒಟ್ಟಿಗಿರ್ಲಿ." ಬರೀ ನೆಲದ ಮೇಲೆ ಕೂತು ಉಳಿದ ಅನ್ನ ಉಂಡ.

ಈಗ ಎರಡೂ ಮಣೆ ತಂಗಿಯ ಮನೆಯಲ್ಲಿವೆ. ಗುಡ್ಡದ ಆ ಆಕಾರದ ಮುಖ ನನಗೆ ಇಂದಿಗೂ ಕಾಣುವುದಿಲ್ಲ. ಆ ಮಣೆಗಳನ್ನು ಒಂದರ ಹಿಂದೆ ಒಂದು ಇಟ್ಟು ನಾನು ನೋಡಿ ಖಚಿತಪಡಿಸಿಕೊಂಡದ್ದು ಇಷ್ಟೇ: ಪಾದದ ಜಾಗದ ಗುರುತು ಒಂದೊಂದು ಮಣೆಯಲ್ಲಿ ಒಂದೊಂದೇ ಇದೆ, ಎರಡೂ ಹಲಗೆಗೆ ಅಡ್ಡಲಾಗಿವೆ.